ಟಿಪ್ಪುವಿಗೆ ಎಷ್ಟು ಕತ್ತಿಗಳು?

ದೇವನಹಳ್ಳಿ ಕೋಟೆಯ ಸುತ್ತಮುತ್ತ ಹಳೆಯ ಕತ್ತಿ ಎಲ್ಲಿ ಕಾಣಿಸಿದರೂ ಅದು ಟಿಪ್ಪುವಿನದೇ. ಅವನು ಹುಟ್ಟಿದ ಊರಲ್ಲವೇ, ಅಷ್ಟು ಸಲುಗೆ ಇದ್ದದ್ದೇ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಅವನ ಶಯನಗೃಹದ ಕತ್ತಿ 1 ಕೋಟಿ 40 ಲಕ್ಷ ಪೌಂಡಿಗೆ ಹೋದ ಮೇಲಂತೂ ಮಾತು ಜೋರಾಯಿತು.

ಆ ಹೊತ್ತಿನಲ್ಲೇ ನನ್ನ ನಾದಿನಿಯ ಮನೆಗೆ ಒಬ್ಬ ವ್ಯಾಪಾರಿ ಹಳೆಯ ಸೀರೆಯಲ್ಲಿ ಸುತ್ತಿದ ಕತ್ತಿಯೊಂದನ್ನು ತಂದ. ಹಿಡಿಯ ಮೇಲೆ ಹುಲಿಮುಖ, ಅಲಗಿನ ಮೇಲೆ ಅಲೆಅಲೆಯಾದ ಗೆರೆ. ಎರಡೆಳೆ ಸರ ಅಡವಿಟ್ಟು ಕೊಂಡರೆ ಮಗಳ ಮದುವೆಯ ಹೊತ್ತಿಗೆ ನಾಲ್ಕು ಪಟ್ಟಾಗುತ್ತದೆಂದು ಅವಳ ಲೆಕ್ಕ. ಇತಿಹಾಸ ಪಾಠ ಮಾಡುವವಳೆಂದು ನನ್ನನ್ನು ಕರೆಸಿದಳು.

ಎರಕದ ಪಾತ್ರೆಯನ್ನು ಬೆರಳಿನಿಂದಲೇ ಗುರುತಿಸುವವರು ನಾವು. ಹುಲಿಯ ಕಿವಿಯ ಹಿಂದೆ ಬೆರಳಾಡಿಸಿದೆ. ಅಚ್ಚಿನ ಎರಡು ಹೋಳು ಕೂಡಿದ ಏಣು ಸಿಕ್ಕಿತು. ಹಿಡಿಯ ತುದಿಯಲ್ಲಿ ಹೊಳೆಯುವ ನಟ್ಟು. ಹಳೆಯ ತಲವಾರಿನಲ್ಲಿ ಅಲಗಿನ ಬುಡವನ್ನು ಹಿಡಿಯೊಳಗೆ ಅರಗಿನಂಥ ರಾಳದಿಂದ ಕೂರಿಸುತ್ತಿದ್ದರು. ತುಕ್ಕೂ ಅಷ್ಟೆ. ಕಾಲ ತಿಂದ ತುಕ್ಕು ಒಂದು ಕಡೆ ಆಳ, ಇನ್ನೊಂದು ಕಡೆ ಇಲ್ಲವೇ ಇಲ್ಲ, ಬಣ್ಣ ಹುರಿದ ಕಾಫಿಬೀಜದ್ದು. ಇದರ ತುಕ್ಕು ರವೆ ಚೆಲ್ಲಿದಂತೆ ಎಲ್ಲ ಕಡೆ ಒಂದೇ ಸಮ, ಕಿತ್ತಳೆ ಬಣ್ಣ. ಆಸಿಡ್ಡಿನ ಕೆಲಸ.

ಅಲೆಗೆರೆಯ ವಿಷಯ ಸ್ವಲ್ಪ ಹೇಳಬೇಕು. ಪರದೇಶದವರು 'ವೂಟ್ಸ್' ಎಂದು ಕರೆದ ನಮ್ಮ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಕರಗಿಸಿ ನಿಧಾನವಾಗಿ ಆರಿಸುತ್ತಿದ್ದರು. ಅದರ ಗೆರೆ ಒಡಲಿನದು. ಉಜ್ಜಿ ಅಳಿಸಿದರೂ ಹುಳಿ ತಾಕಿದರೆ ಮತ್ತೆ ಏಳುತ್ತದೆ. ನಕಲಿಯದು ಮೇಲಿನ ಚಿತ್ತಾರ. "ಒಂದು ಮೂಲೆ ಉಜ್ಜಿ, ನಿಂಬೆರಸ ಹಚ್ಚಿ ನೋಡೋಣವೇ?" ಎಂದೆ. (ನಿಜವಾದದ್ದಕ್ಕೆ ಹೀಗೆಲ್ಲ ಮಾಡಬಾರದು, ಅವನ ಮುಖ ನೋಡಲೆಂದೇ ಕೇಳಿದ್ದು.) ಅವನು ಸೀರೆ ಸುತ್ತತೊಡಗಿದ.

ಲಂಡನ್ನಿನ ಕತ್ತಿಗೆ ಆ ಬೆಲೆ ಬಂದದ್ದು ಬರೀ ಹುಲಿಯಿಂದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೈನ್ಯದವರು ಅದನ್ನು ಜನರಲ್ ಬೇರ್ಡನಿಗೆ ಅರ್ಪಿಸಿದ ದಾಖಲೆಯಿತ್ತು. ಇವನ ಬಳಿ ಒಂದು ಚೀಟಿಯೂ ಇಲ್ಲ. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯಿದೆಯಂತೆ ಪರವಾನಗಿ ಬೇಕು, ಅದೂ ಇಲ್ಲ.

ನಿಜವಾದ ಹಳೆಯ ಕತ್ತಿಯನ್ನು ನಾನು ನೋಡಿರುವುದು ದೊಡ್ಡಬಳ್ಳಾಪುರದ ಕಡೆಯ ಒಂದು ಮನೆಯ ದೇವರಗೂಡಿನಲ್ಲಿ. ಯಾವ ರಾಜನ ಹೆಸರೂ ಅದಕ್ಕಿಲ್ಲ. ಆಯುಧಪೂಜೆಗೆಂದು ಪ್ರತಿ ವರ್ಷ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ ಹಿಡಿಯ ಬೆಳ್ಳಿಹೂವು ಅರ್ಧ ಹೋಗಿದೆ. ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿದರೆ ಸಾಕೆಂದು ಆ ಮನೆಯ ಅಜ್ಜಿಗೆ ಹೇಳುತ್ತಲೇ ಇದ್ದೇನೆ. "ಹೊಳೆಯದೇ ಇದ್ದರೆ ಪೂಜೆ ಹೇಗಮ್ಮಾ?" ಎನ್ನುತ್ತಾರೆ.