ಕಡುಬಣ್ಣದ ಹೂವಿನ ಹಠ

ಕುವೈತಿನಲ್ಲಿ ನವೆಂಬರ್ ಬಂತೆಂದರೆ ರಸ್ತೆ ನಡುವಿನ ಪಟ್ಟಿಗಳಲ್ಲಿ, ವೃತ್ತಗಳ ಸುತ್ತ ಪೆಟೂನಿಯಾ ಸಸಿಗಳು ಸಾಲುಗಟ್ಟುತ್ತವೆ. 2016ರ ಜುಲೈ 21ರಂದು ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ಇಲ್ಲಿ ಹೂವಿನ ಕಾಲ ಎಂದರೆ ಚಳಿಗಾಲವೇ. ಆ ನಾಲ್ಕೈದು ತಿಂಗಳು ಅಲ್ ರಾಯ್‌ನ ನರ್ಸರಿಗಳಲ್ಲಿ, ಶುಕ್ರವಾರದ ಸಂತೆಯಲ್ಲಿ ಸುಮ್ಮನೆ ಓಡಾಡಿದರೂ ಸಾಕು, ಎಲ್ಲಿಂದಲೋ ಕನ್ನಡ, ತುಳು, ಕೊಂಕಣಿ ಕಿವಿಗೆ ಬೀಳುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ದಾಸವಾಳ, ತುಳಸಿ, ಮಲ್ಲಿಗೆ, ಶಂಖಪುಷ್ಪ ಹುಡುಕುತ್ತಿರುತ್ತಾರೆ. ಸಾಲ್ಮಿಯಾದ್ದೋ ಮಂಗಾಫಿನದ್ದೋ ಒಂದು ಬಾಲ್ಕನಿ, ಅದರಲ್ಲಿ ಏಳೆಂಟು ಕುಂಡ, ಅಷ್ಟೇ ತೋಟ. ಹೂ ಬಿಟ್ಟ ಬೆಳಿಗ್ಗೆ ಮೊದಲು ಫೋಟೋ, ಆಮೇಲೆ ಕಾಫಿ. ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋಗಲೇಬೇಕು.

ಮಲ್ಲಿಗೆ, ಸೇವಂತಿಗೆ ಫೋಟೋದಲ್ಲಿ ಯಾವ ತಕರಾರೂ ಮಾಡುವುದಿಲ್ಲ. ಈ ದೇಶದ ರಾಷ್ಟ್ರಪುಷ್ಪವಾದ ಅರ್ಫಜ್ ಕೂಡ ಹಳದಿ. ಮರಳುಗಾಡಿನ ಬಿಸಿಲಲ್ಲೂ ಚೆನ್ನಾಗಿಯೇ ಬರುತ್ತದೆ. ಕಷ್ಟ ಕೊಡುವುದು ಕಡುಗೆಂಪು ದಾಸವಾಳ, ಕಪ್ಪಿಗೆ ತಿರುಗಿದ ಗುಲಾಬಿ, ಬ್ಲ್ಯಾಕ್ ವೆಲ್ವೆಟ್ ಎಂಬ ಹೆಸರಿನ ಪೆಟೂನಿಯಾ. ನಮ್ಮ ಕಟ್ಟಡದ ಉಡುಪಿಯವರೊಬ್ಬರು ತಮ್ಮ ದಾಸವಾಳದ ಚಿತ್ರವನ್ನು ಊರಿಗೆ ಕಳಿಸಿದರೆ ನಾದಿನಿಯಿಂದ ಬಂದ ಉತ್ತರ: "ಅತ್ತಿಗೆ, ಅದು ಪ್ಲಾಸ್ಟಿಕ್ಕಿನದ್ದಾ?" ಪಾಪ, ಅವರಿಗೆ ನಿಜಕ್ಕೂ ಬೇಜಾರಾಯಿತು. ನಾಲ್ಕು ತಿಂಗಳು ನೀರು ಹೊಯ್ದು, ಬಿಳಿ ಹೇನು ತೊಳೆದು ಬೆಳೆಸಿದ ಹೂ ಅದು.

ಕಡುಬಣ್ಣ ಹೀಗೆ ಕಷ್ಟ ಕೊಡುವುದಕ್ಕೆ ಒಂದು ಕಾರಣ ಕ್ಯಾಮೆರಾದ ನಂಬಿಕೆ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದಿ ಬಣ್ಣದ್ದು ಎಂದುಕೊಂಡೇ ಅದು ಬೆಳಕನ್ನು ಅಳೆಯುತ್ತದೆ. ಕಪ್ಪು ಹೂ ಚೌಕಟ್ಟಿನ ತುಂಬ ಬಂದರೆ ಬೆಳಕು ಸಾಲದೆಂದು ಎತ್ತಿ ಕೊಡುತ್ತದೆ, ಹೂ ಬೂದಿ ಬಡಿದಂತಾಗುತ್ತದೆ. ಅದೇ ಹೂವನ್ನು ಕೆನೆಬಣ್ಣದ ಗೋಡೆಯ ಮುಂದಿಟ್ಟು ಸ್ವಲ್ಪ ದೂರದಿಂದ ತೆಗೆದರೆ ಕ್ಯಾಮೆರಾ ಗೋಡೆಯನ್ನು ಅಳೆದು ಬೆಳಕು ಇಳಿಸುತ್ತದೆ. ಆಗ ಹೂವಿನ ಜಾಗದಲ್ಲಿ ಉಳಿಯುವುದು ಒಂದು ಕರಿಯ ತೂತು. ಕುವೈತಿನ ಕಟ್ಟಡಗಳಲ್ಲಿ ಬಹುಪಾಲು ಮರಳಿನ ಬಣ್ಣದವೇ ಆದ್ದರಿಂದ ಈ ಎರಡನೆಯ ಪೆಟ್ಟು ಇಲ್ಲಿ ಹೆಚ್ಚು.

ಕೆಂಪಿನ ತೊಂದರೆ ಬೇರೆ. ಸೆನ್ಸರಿನ ಬೆಳಕಿನ ಚುಕ್ಕಿಗಳಲ್ಲಿ ಅರ್ಧ ಹಸಿರಿಗೆ, ಕಾಲು ಭಾಗ ನೀಲಿಗೆ, ಇನ್ನು ಕಾಲು ಭಾಗ ಮಾತ್ರ ಕೆಂಪಿಗೆ ಮೀಸಲು. ಅಪ್ಪಟ ಕೆಂಪು ದಾಸವಾಳವನ್ನು ಬಿಡಿಸುವ ಹೊರೆ ಹೆಚ್ಚುಕಡಿಮೆ ಆ ಕಾಲು ಭಾಗದ ಮೇಲೆಯೇ ಬೀಳುತ್ತದೆ. ಬೆಳಕು ಒಂದಿಷ್ಟು ಹೆಚ್ಚಾದರೂ ಆ ಚುಕ್ಕಿಗಳು ತುಂಬಿ ತುಳುಕುತ್ತವೆ. ತುಂಬಿದ ಮೇಲೆ ಎಸಳಿನ ನರವೂ ಇಲ್ಲ, ಮಡಿಕೆಯೂ ಇಲ್ಲ, ಎಲ್ಲ ಒಂದೇ ಸಮನೆ ಬಳಿದ ಕೆಂಪು. ನಾದಿನಿಗೆ ಪ್ಲಾಸ್ಟಿಕ್ ಕಂಡಿದ್ದು ಅದಕ್ಕೇ. ಇದರ ಮೇಲೆ ಫೋನು ತಾನಾಗಿಯೇ ಬಣ್ಣವನ್ನು ಇನ್ನಷ್ಟು ಗಾಢ ಮಾಡಿ ಕೊಡುತ್ತದೆ.

ಹೂವಿನ ಕಡೆಯಿಂದಲೂ ನೋಡಬೇಕು. ಒಂದು ಸಣ್ಣ ಭೂತಗನ್ನಡಿ ಹಿಡಿದು ಕಪ್ಪು ಪೆಟೂನಿಯಾದ ಎಸಳನ್ನು ಓರೆಯಾಗಿ ನೋಡಿ. ಮೇಲ್ಮೈ ಸಪಾಟಾಗಿ ಕಾಣುವುದಿಲ್ಲ, ಮಕಮಲ್ಲಿನಂತೆ ಒಳಗೊಳಗೆ ಮಿನುಗುತ್ತದೆ. ಎಸಳಿನ ಹೊರಪದರದ ಒಂದೊಂದು ಜೀವಕೋಶವೂ ಮೊನಚಾದ ಪುಟ್ಟ ಗುಡ್ಡದ ಆಕಾರದ್ದು. ಬಿದ್ದ ಬೆಳಕು ಈ ಗುಡ್ಡಗಳ ನಡುವೆ ಪುಟಿಯುತ್ತ ಒಳಗೆ ಇಳಿಯುತ್ತದೆ. ಒಳಗೆ ದಟ್ಟವಾಗಿರುವ ಆಂಥೋಸಯನಿನ್ ಎಂಬ ಬಣ್ಣದ ವಸ್ತು ಅದರಲ್ಲಿ ಹೆಚ್ಚಿನದನ್ನು ಹೀರಿಬಿಡುತ್ತದೆ. ಹೊರಗೆ ಬರುವುದು ಅಲ್ಪ, ಅದೂ ಅಂಚುಗಳಿಂದ. ಅಂದರೆ ಈ ಹೂವಿನ ಚೆಲುವು ಇರುವುದೇ ಬೆಳಕನ್ನು ಉಳಿಸಿಕೊಳ್ಳುವುದರಲ್ಲಿ. ಎದುರಿನಿಂದ ಫ್ಲ್ಯಾಶ್ ಹೊಡೆದು ಅದನ್ನು ಬಯಲಿಗೆಳೆಯಲು ಹೋಗುವುದು ನನ್ನ ಮಟ್ಟಿಗೆ ಅನ್ಯಾಯ. ಪಕ್ಕದಿಂದಲೋ ಹಿಂದಿನಿಂದಲೋ ಬರುವ ಮೃದುವಾದ ಬೆಳಕಿನಲ್ಲಿ ಮಾತ್ರ ಆ ಗುಡ್ಡಗಳ ತುದಿ ಮಿನುಗುತ್ತದೆ, ನರಗಳು ಏಳುತ್ತವೆ, ಕಪ್ಪಿನೊಳಗೆ ನೇರಳೆ ಇದೆ ಎಂಬುದು ಗೊತ್ತಾಗುತ್ತದೆ.

ಅಂಥ ಬೆಳಕು ಈ ದೇಶದಲ್ಲಿ ಎಲ್ಲಿದೆ? ಜೂನ್ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಆದರೆ ಡಿಸೆಂಬರಿನಲ್ಲಿ ನಟ್ಟನಡು ಹಗಲಲ್ಲೂ ದಿಗಂತದಿಂದ 40 ಡಿಗ್ರಿಗಿಂತ ಮೇಲೇರುವುದಿಲ್ಲ, ಐದು ಗಂಟೆಗೆ ಮೊದಲೇ ಮುಳುಗಿಬಿಡುತ್ತಾನೆ. ಹಾಗಾಗಿ ಚಳಿಗಾಲದ ಮೂರೂವರೆಯಿಂದ ನಾಲ್ಕೂವರೆಯವರೆಗಿನ ಓರೆ ಬೆಳಕು ಕಡುಬಣ್ಣಕ್ಕೆ ಹೇಳಿ ಮಾಡಿಸಿದ್ದು. ಆಕಾಶದಲ್ಲಿ ತೆಳುವಾಗಿ ಧೂಳು ತೂಗುತ್ತಿರುವ ದಿನವೂ ಒಳ್ಳೆಯದೇ. ಬೆಳಕು ಸೋಸಿ ಬರುತ್ತದೆ, ನೆರಳಿನ ಗೆರೆ ಕರಗಿರುತ್ತದೆ. ಎಲ್ಲರೂ ಬೈಯುವ ಧೂಳಿನ ಬಗ್ಗೆ ನಾನು ಹೇಳಬಲ್ಲ ಒಂದೇ ಒಳ್ಳೆಯ ಮಾತು ಇದು.

ಏಕೆಂದರೆ ಅದೇ ಧೂಳು ಎಸಳಿನ ಮೇಲೂ ಕೂರುತ್ತದೆ. ಬಿಳಿ ಹೂವಿನ ಮೇಲೆ ಕಾಣದ ಮಣ್ಣಿನ ಕಣ ಕಪ್ಪು ಹೂವಿನ ಮೇಲೆ ಎದ್ದು ಕಾಣುತ್ತದೆ. ಬೆರಳಿನಿಂದ ಒರೆಸಬಾರದು, ಮಕಮಲ್ಲು ನಲುಗಿ ಹೊಳೆಯುವ ಕಲೆಯಾಗುತ್ತದೆ. ಮಕ್ಕಳ ಬಣ್ಣದ ಕುಂಚವೊಂದು ಒಣಗಿದ್ದರೆ ಸಾಕು, ಬುಡದಿಂದ ಅಂಚಿನ ಕಡೆಗೆ ಹಗುರಾಗಿ ಆಡಿಸಿದರೆ ಹೋಗುತ್ತದೆ. ನೀರು ಚಿಮುಕಿಸುವುದಾದರೆ ಕುಡಿಯುವ ನೀರನ್ನೇ ಚಿಮುಕಿಸಿ. ಇಲ್ಲಿ ತೋಟಗಳಿಗೆ ಬರುವ ಉಪ್ಪುಮಿಶ್ರಿತ ನೀರು ಆರಿದ ಮೇಲೆ ಹನಿ ಹನಿಯ ಜಾಗದಲ್ಲೂ ಬಿಳಿ ಕಲೆ ಬಿಡುತ್ತದೆ.

ನೀಲಿಯ ಪಾಡು ಇನ್ನೊಂದು. ಬಾಲ್ಕನಿಯ ನೆರಳಿನಲ್ಲಿ ಬೆಳಕು ತುಸು ನೀಲಿಯಾಗಿರುತ್ತದೆ. ಅದನ್ನು ಸರಿಪಡಿಸಲು ಫೋನು ಚಿತ್ರಕ್ಕೆ ಬೆಚ್ಚನೆ ಛಾಯೆ ಸೇರಿಸಿದೊಡನೆ ಶಂಖಪುಷ್ಪ ನೇರಳೆಗೆ ತಿರುಗುತ್ತದೆ. ಫಿಲ್ಮಿನ ಕಾಲದಲ್ಲಿ ಕೆಲವು ನೀಲಿ ಹೂಗಳು ಗುಲಾಬಿಯಾಗಿ ಬರುತ್ತಿದ್ದವು. ನಮ್ಮ ಕಣ್ಣು ಹೆಚ್ಚುಕಡಿಮೆ ಕಾಣದ ದೂರದ ಕೆಂಪನ್ನು ಆ ಎಸಳುಗಳು ಹೊಮ್ಮಿಸುತ್ತಿದ್ದವು, ಫಿಲ್ಮು ಹಿಡಿಯುತ್ತಿತ್ತು. ನಮ್ಮ ಕಣ್ಣೂ ಸಂಜೆಗೆ ಬೇರೆಯೇ ಆಗುತ್ತದೆ. ಕತ್ತಲು ಕವಿಯುವಾಗ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಬೆಳಗುತ್ತಾ ಉಳಿಯುತ್ತದೆ ಎಂಬುದನ್ನು 1825ರಲ್ಲೇ ಗುರುತಿಸಿ ಬರೆದವನು ಚೆಕ್ ವಿಜ್ಞಾನಿ ಪುರ್ಕಿನ್ಯೆ. ಸೂರ್ಯಾಸ್ತದ ಮಗ್ರಿಬ್ ಅಜಾನ್ ಮುಗಿದು ಕತ್ತಲಾಗುವ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತರೆ ದಾಸವಾಳ ಕರಗಿಹೋಗಿ ಪಕ್ಕದ ಶಂಖಪುಷ್ಪ ಎದ್ದು ನಿಂತಿರುವುದನ್ನು ಯಾರು ಬೇಕಾದರೂ ನೋಡಬಹುದು. ಫೋನಿಗೆ ಈ ಸಂಜೆಗಣ್ಣು ಇಲ್ಲ.

ಉಪಾಯ ಸುಲಭದ್ದೇ. ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕ್ಯಾಮೆರಾ ಆದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ ಒಂದಕ್ಕೆ ಇಡಿ. ಹೂ ತುಸು ಕತ್ತಲಾಯಿತು ಅನ್ನಿಸುವಲ್ಲಿ ನಿಲ್ಲಿಸಿ. ಹಿನ್ನೆಲೆಗೆ ಗೋಡೆ ಬೇಡ, ಆ ಗಿಡದ್ದೇ ಎಲೆ ನೆರಳಿನಲ್ಲಿರಲಿ. ಹೂವಿಗೆ ಬಿಸಿಲು ಬೀಳದ ಕಡೆ ಒಂದು ಬಿಳಿ ಹಾಳೆ ಹಿಡಿದರೆ ಒಳಗಿನ ಮಡಿಕೆಗಳೂ ಕಾಣುತ್ತವೆ. ಮತ್ತೊಂದು ಮಾತು: ಬಾಲ್ಕನಿಯಲ್ಲಿ ಕ್ಯಾಮೆರಾ ಎದುರುಮನೆಯ ಕಡೆಗೆ ತಿರುಗದಿರಲಿ. ಒಪ್ಪಿಗೆಯಿಲ್ಲದೆ ಜನರ ಚಿತ್ರ ತೆಗೆಯುವುದನ್ನು ಇಲ್ಲಿ ಯಾರೂ ಸಹಿಸುವುದಿಲ್ಲ. 2010ರ ನವೆಂಬರಿನಲ್ಲಿ ದೊಡ್ಡ ಕ್ಯಾಮೆರಾಗಳನ್ನೇ ಸಾರ್ವಜನಿಕ ಜಾಗಗಳಲ್ಲಿ ನಿಷೇಧಿಸಲಾಗಿದೆ ಎಂಬ ಸುದ್ದಿ ಅಚ್ಚಾಗಿ ಲೋಕವೆಲ್ಲ ಹಬ್ಬಿತ್ತು. ಆದರೆ ಅದು ತಪ್ಪು ಸುದ್ದಿಯೆಂದು ಅಚ್ಚು ಹಾಕಿದ ಪತ್ರಿಕೆಯೇ ಆಮೇಲೆ ಹಿಂತೆಗೆದುಕೊಂಡಿತು. ಬಾಲ್ಕನಿ ಸಾಲದವರು 2015ರಲ್ಲಿ ತೆರೆದ ಅಲ್ ಶಹೀದ್ ಪಾರ್ಕಿಗೆ ಹೋಗಬಹುದು.

ಕುವೈತಿನ ಕನ್ನಡದ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಊರಿಗೆ ಕಳಿಸುವ ಮುನ್ನ ಚಿತ್ರವನ್ನು ಬೆಳಗಿಸಲು ಹೋಗಬೇಡಿ. ಕಪ್ಪು ಕಪ್ಪಾಗಿಯೇ ಹೋಗಲಿ. ನೋಡುವವರು ಫೋನನ್ನು ತುಸು ಹತ್ತಿರ ಹಿಡಿದು ನೋಡಿಕೊಳ್ಳುತ್ತಾರೆ. ಬೇಸಿಗೆಯ ಬಿಸಿಗೆ ಪೆಟೂನಿಯಾ ನಿಲ್ಲುವ ಗಿಡವಲ್ಲ. ತೆಗೆಯುವುದಿದ್ದರೆ ಮಾರ್ಚ್ ಮುಗಿಯುವುದರೊಳಗೆ ತೆಗೆಯಿರಿ.