ಸಂಸ್ಥೆಗೆ ಬರುವ ಹಣ, ಶಿಷ್ಯರ ಹೆಸರಿನ ಲೆಕ್ಕ

ಕೊಡುವವನು ಪಡೆಯುವವನ ಮುಖ ನೋಡಿ ಕೊಡುವುದು ಲೋಕರೂಢಿ. ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬಂದ ಹುಡುಗನನ್ನು ಟ್ರಸ್ಟಿನ ಹಿರಿಯರು ಎದುರಿಗೆ ಕೂರಿಸಿಕೊಂಡು, ತಂದೆಯ ವೃತ್ತಿ, ಮನೆಯ ಸ್ಥಿತಿಗತಿ, ಹಿಂದಿನ ಪರೀಕ್ಷೆಯ ಅಂಕಗಳನ್ನು ವಿಚಾರಿಸಿ ಚೆಕ್ಕು ಬರೆದುಕೊಡುತ್ತಾರೆ. ಕಿರ್ದಿಯಲ್ಲಿ ಒಂದು ಸಾಲು ಖರ್ಚು ಬೀಳುತ್ತದೆ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಆ ಹುಡುಗ ಮುಂದೆ ಏನಾದನೆಂಬುದನ್ನು ಬರೆದಿಡುವ ಪುಸ್ತಕ ಬಹುತೇಕ ಟ್ರಸ್ಟುಗಳ ಕಪಾಟಿನಲ್ಲಿ ಇರುವುದಿಲ್ಲ.

ಅಮೆರಿಕ ದೇಶದಲ್ಲಿ ಇದಕ್ಕಿಂತ ಭಿನ್ನವಾದ ಒಂದು ಪದ್ಧತಿ ಅರ್ಧ ಶತಮಾನದಿಂದ ನಡೆದುಬಂದಿದೆ. ಬೆಥೆಸ್ಡಾ ನಗರದಲ್ಲಿರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ಎಂಬ ಸರ್ಕಾರಿ ಸಂಸ್ಥಾ ಸಮೂಹವು 1974ರ ಕಾಯಿದೆಯೊಂದರ ಪ್ರಕಾರ ವಿಶ್ವವಿದ್ಯಾನಿಲಯಗಳಿಗೆ ಸಂಶೋಧನಾ ತರಬೇತಿಯ ಅನುದಾನ ಕೊಡುತ್ತದೆ. ಪೋಲಿಯೋ ಲಸಿಕೆಯ ಸುರಕ್ಷತೆಗಾಗಿ ದುಡಿದ ವೈದ್ಯೆ ರೂತ್ ಕರ್ಷ್‌ಸ್ಟೈನ್ ಅವರ ಹೆಸರನ್ನು 2002ರಲ್ಲಿ ಈ ಯೋಜನೆಗೆ ಇಡಲಾಯಿತು. ಕಚೇರಿಯ ಭಾಷೆಯಲ್ಲಿ ಸಂಸ್ಥೆಗಳಿಗೆ ಸಲ್ಲುವ ಅನುದಾನಕ್ಕೆ ‘ಟಿ-32’ ಎಂಬ ಸಂಕೇತವಿದೆ. ಇಲ್ಲಿ ಸರ್ಕಾರವು ವಿದ್ಯಾರ್ಥಿಯ ಮುಖವನ್ನು ನೋಡುವುದಿಲ್ಲ. ಅವನನ್ನು ತಿದ್ದಲಿರುವ ಗುರುಕುಲವನ್ನು ನೋಡುತ್ತದೆ. ಐದು ವರ್ಷಗಳವರೆಗಿನ ಅವಧಿಗೆ ಇಂತಿಷ್ಟು ಸ್ಥಾನಗಳೆಂದು ಗೊತ್ತುಮಾಡಿ, ಆ ಸ್ಥಾನಗಳಿಗೆ ತಕ್ಕವರನ್ನು ಆರಿಸುವ ಹೊಣೆಯನ್ನು ಸಂಸ್ಥೆಗೇ ಬಿಡುತ್ತದೆ.

ಈ ಪದ್ಧತಿಯ ಗುಣದೋಷಗಳು ಬಯೋಮೆಡಿಕಲ್ ಇಂಜಿನಿಯರಿಂಗ್ ಕ್ಷೇತ್ರದಲ್ಲಿ ವಿಶೇಷ ಸ್ಪಷ್ಟವಾಗಿ ಕಾಣುತ್ತವೆ. ಏಕೆಂದರೆ ಅದು ಎರಡು ಮನೆಗಳ ನಡುವೆ ಬೆಳೆದ ಮಗು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್ ಪಟ್ಟಣದಲ್ಲಿ ವಿದ್ಯುತ್ತು ನಿಂತುಹೋಯಿತು. ಅಂದಿನ ಹೃದಯ ಪ್ರಚೋದಕ ಯಂತ್ರಗಳು ಗೋಡೆಯ ಪ್ಲಗ್ಗನ್ನೇ ನಂಬಿಕೊಂಡಿದ್ದವು. ಶಸ್ತ್ರವೈದ್ಯ ಲಿಲ್ಲೆಹೈ ಅವರು ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ಇಂಜಿನಿಯರ್ ಅರ್ಲ್ ಬ್ಯಾಕನ್ ಅವರಿಗೆ ಈ ಕಷ್ಟವನ್ನು ಹೇಳಿಕೊಂಡರು. ಬ್ಯಾಕನ್ ಅವರು ಕೆಲವೇ ವಾರಗಳಲ್ಲಿ ಬ್ಯಾಟರಿಯಿಂದ ನಡೆಯುವ, ರೋಗಿಯು ಮೈಮೇಲೆ ಧರಿಸಬಹುದಾದ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟರು. ಒಬ್ಬರಿಗೆ ರೋಗ ಗೊತ್ತು, ಇನ್ನೊಬ್ಬರಿಗೆ ಯಂತ್ರ ಗೊತ್ತು. ಇಬ್ಬರ ಅರಿವೂ ಒಬ್ಬನಲ್ಲೇ ಕೂಡುವಂತೆ ವಿದ್ಯಾರ್ಥಿಯನ್ನು ತಯಾರಿಸುವುದು ಈ ಶಾಸ್ತ್ರದ ಉದ್ದೇಶ. ಅಂತಹ ಶಿಕ್ಷಣವನ್ನು ಒಂದೇ ಪ್ರಯೋಗಶಾಲೆ ಕೊಡಲಾರದು; ಇಂಜಿನಿಯರಿಂಗ್ ವಿಭಾಗವೂ ವೈದ್ಯಕೀಯ ಕಾಲೇಜೂ ಸೇರಿಯೇ ಕೊಡಬೇಕು. ಆದುದರಿಂದ ಅರ್ಜಿಯೂ ಸಂಸ್ಥೆಯದೇ ಆಗಬೇಕಾಯಿತು.

ಈ ಕ್ಷೇತ್ರಕ್ಕೆ ಮೊದಲು ಕೈಹಿಡಿದದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಒಬ್ಬ ಉದ್ಯಮಿಯ ಹಣವೆಂಬುದು ವ್ಯಾಪಾರಸ್ಥರು ತಿಳಿದಿರಬೇಕಾದ ಸಂಗತಿ. ವಿದ್ಯುತ್ ತಂತಿಗಳನ್ನು ಜೋಡಿಸುವ ಸಣ್ಣ ಸಾಮಾನುಗಳನ್ನು ತಯಾರಿಸಿ ಸಿರಿವಂತರಾದ ಅಂಕಸ್ ವಿಟೇಕರ್ ಅವರು 1975ರಲ್ಲಿ ತೀರಿಕೊಂಡಾಗ ಅವರ ಹೆಸರಿನ ಪ್ರತಿಷ್ಠಾನ ಹುಟ್ಟಿತು. ಅದು 70 ಕೋಟಿ ಡಾಲರುಗಳಿಗೂ ಮಿಗಿಲಾದ ಹಣವನ್ನು ಈ ಒಂದೇ ವಿದ್ಯೆಗೆ ವಿನಿಯೋಗಿಸಿತು. ಹಲವು ವಿಶ್ವವಿದ್ಯಾನಿಲಯಗಳಲ್ಲಿ ಬಯೋಮೆಡಿಕಲ್ ವಿಭಾಗಗಳು ತಲೆಯೆತ್ತಿದ್ದು ಆ ನೆರವಿನಿಂದ. ವಿಶೇಷವೆಂದರೆ, ಮೂಲಧನವನ್ನು ಕಾದಿರಿಸಿಕೊಂಡು ಬಡ್ಡಿಯಲ್ಲಿ ಮಾತ್ರ ಕೊಡುವ ಕ್ರಮವನ್ನು ಬಿಟ್ಟು, ಎಲ್ಲವನ್ನೂ ಕೊಟ್ಟು ಮುಗಿಸುವುದೆಂದು ಅದರ ಆಡಳಿತ ಮಂಡಳಿ ನಿಶ್ಚಯಿಸಿತು. 2006ರಲ್ಲಿ ಪ್ರತಿಷ್ಠಾನವು ಬಾಗಿಲು ಮುಚ್ಚಿತು. ಶಾಶ್ವತ ನಿಧಿಯ ಫಲಕವನ್ನೇ ಧರ್ಮವೆಂದು ಬಗೆದವರಿಗೆ ಇದು ವಿಚಿತ್ರವಾಗಿ ತೋರಬಹುದು. ಆ ಹೊತ್ತಿಗೆ ಸರ್ಕಾರದ ಕಡೆಯಿಂದಲೂ ಒಂದು ಆಸರೆ ಸಿದ್ಧವಾಗಿತ್ತು. ಬಯೋಮೆಡಿಕಲ್ ಇಮೇಜಿಂಗ್ ಮತ್ತು ಬಯೋಇಂಜಿನಿಯರಿಂಗ್‌ಗೆಂದೇ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸುವ ಕಾಯಿದೆಗೆ 2000ದ ಡಿಸೆಂಬರಿನಲ್ಲಿ ಅಂಕಿತ ಬಿದ್ದಿತ್ತು.

ಇನ್ನು ಅರ್ಜಿಯ ವಿಚಾರ. ಲೆಕ್ಕ ಬಲ್ಲವನು ಮೊದಲು ಕೇಳುವ ಪ್ರಶ್ನೆ: ಇದರಲ್ಲಿ ಸಂಸ್ಥೆಗೆ ಲಾಭವೆಷ್ಟು? ಹೆಚ್ಚೇನೂ ಇಲ್ಲವೆಂಬುದೇ ಉತ್ತರ. ಕಟ್ಟಡ, ವಿದ್ಯುತ್ತು, ಕಚೇರಿ ಮುಂತಾದ ಪರೋಕ್ಷ ವೆಚ್ಚಕ್ಕೆಂದು ಈ ಅನುದಾನದಲ್ಲಿ ಸಿಗುತ್ತ ಬಂದಿರುವುದು ಶೇಕಡಾ 8 ಮಾತ್ರ. ಸಾಮಾನ್ಯ ಸಂಶೋಧನಾ ಅನುದಾನಗಳಲ್ಲಿ ಎಷ್ಟೋ ವಿಶ್ವವಿದ್ಯಾನಿಲಯಗಳು ಶೇಕಡಾ 50ಕ್ಕೂ ಹೆಚ್ಚು ಪಡೆದುಕೊಂಡದ್ದುಂಟು. ಪಿಎಚ್‌.ಡಿ. ಹಂತದ ವಿದ್ಯಾರ್ಥಿಗೆ 2024ರ ಸಾಲಿನಲ್ಲಿ ಗೊತ್ತುಮಾಡಿದ ವಾರ್ಷಿಕ ಭತ್ಯೆ 28,224 ಡಾಲರು. ದುಬಾರಿ ಪಟ್ಟಣಗಳಲ್ಲಿ ಇದು ಸಾಲದೆ, ವಿಶ್ವವಿದ್ಯಾನಿಲಯವು ತನ್ನ ಬೊಕ್ಕಸದಿಂದ ಮತ್ತಷ್ಟು ಸೇರಿಸುವ ಪ್ರಸಂಗಗಳೇ ಹೆಚ್ಚು. ಈ ಭತ್ಯೆಯು ಸಂಬಳವಲ್ಲ, ಮಾಡಿದ ಕೆಲಸಕ್ಕೆ ಕೂಲಿಯಲ್ಲ ಎಂದು ನಿಯಮವೇ ಹೇಳುತ್ತದೆ. ಕಲಿಯುವ ಕಾಲದಲ್ಲಿ ಹೊಟ್ಟೆಬಟ್ಟೆಗೆ ಕೊಡುವ ನೆರವು ಅಷ್ಟೆ. ಹೀಗೆ ಕೈಯಿಂದ ಸ್ವಲ್ಪ ಕಳೆದುಕೊಂಡಾದರೂ ಪಡೆಯಬೇಕೆಂದು ಸಂಸ್ಥೆಗಳು ಹಂಬಲಿಸುವುದು ಅದರಿಂದ ಬರುವ ಗೌರವಕ್ಕಾಗಿ. ಹಣದ ಆಸೆಗಿಂತ ಗೌರವದ ಆಸೆ ಸೂಕ್ಷ್ಮವಾದದ್ದು. ಅದು ಸುಳ್ಳನ್ನೂ ಸೂಕ್ಷ್ಮವಾಗಿಯೇ ಹೇಳಿಸುತ್ತದೆ.

ಅರ್ಜಿಯಲ್ಲಿ ಮಾರ್ಗದರ್ಶಕರ ಪಟ್ಟಿಯೊಂದಿರುತ್ತದೆ. ಪ್ರಸಿದ್ಧರೊಬ್ಬರ ಹೆಸರು ಸೇರಿಸಿದರೆ ಪಟ್ಟಿಗೆ ಕಳೆ ಬರುತ್ತದೆ. ಆದರೆ ಆ ಮಹನೀಯರಿಗೆ ವಿದ್ಯಾರ್ಥಿಗಳೊಡನೆ ಕುಳಿತು ಮಾತಾಡಲು ವರ್ಷದಲ್ಲಿ ಒಂದು ದಿನವೂ ಬಿಡುವಿರುವುದಿಲ್ಲವೆಂಬುದು ಅರ್ಜಿ ಬರೆಯುವವರಿಗೆ ತಿಳಿದಿರುತ್ತದೆ. ಅಂತಹ ಹೆಸರು ಅಂಗಡಿಯ ಮುಂದೆ ತೂಗುಹಾಕಿದ ಮಾದರಿ ಮಾಲು, ಒಳಗೆ ದಾಸ್ತಾನಿಲ್ಲ. ಇದನ್ನು ಯಾವ ನ್ಯಾಯಾಲಯವೂ ಸುಳ್ಳೆನ್ನಲಾರದು, ಏಕೆಂದರೆ ಆತ ಆ ವಿಭಾಗದಲ್ಲಿ ಇದ್ದದ್ದು ನಿಜ. ಆದರೂ ಇದು ತೂಕದಲ್ಲಿ ಮಾಡಿದ ಮೋಸವೇ. ಪ್ರತಿ ಮಾರ್ಗದರ್ಶಕನ ಕೈಯಲ್ಲಿ ಹಿಂದೆ ಎಷ್ಟು ಜನ ಕಲಿತರೆಂಬ ವಿವರವನ್ನೂ ಕೋಷ್ಟಕಗಳಲ್ಲಿ ಕೇಳುತ್ತ ಬಂದಿರುವುದಕ್ಕೆ ಇದೊಂದು ಕಾರಣವಿರಬೇಕು.

ಅನುದಾನವನ್ನು ಮುಂದುವರಿಸಿ ಎಂದು ಕೇಳುವಾಗಲಂತೂ ಪರೀಕ್ಷೆ ಇನ್ನೂ ಕಠಿನ. ಹಿಂದಿನ 15 ವರ್ಷಗಳವರೆಗೆ ಈ ಹಣದಲ್ಲಿ ಕಲಿತ ಪ್ರತಿಯೊಬ್ಬನ ಹೆಸರನ್ನೂ ಬರೆದು, ಪದವಿ ಮುಗಿಸಿದನೇ, ಈಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದನ್ನು ತೋರಿಸಬೇಕೆಂಬ ನಿಯಮ ಬಂದಿತು. ನಡುವೆ ಬಿಟ್ಟುಹೋದವನಿಗೂ ಅಲ್ಲಿ ಒಂದು ಸಾಲು. ಗೆದ್ದವರನ್ನು ಮೆರೆಸಿ ಸೋತವರನ್ನು ಮರೆಸುವ ಅಭ್ಯಾಸ ವಾರ್ಷಿಕ ವರದಿಗಳಿಗೆ ಎಲ್ಲ ಕಡೆಯೂ ಇದೆ. ಈ ಕೋಷ್ಟಕದಲ್ಲಿ ಅದಕ್ಕೆ ಎಡೆಯಿಲ್ಲ. ಪ್ರಾಧ್ಯಾಪಕ ಹುದ್ದೆ ಹಿಡಿಯದೆ ಯಂತ್ರೋಪಕರಣಗಳ ಕಂಪನಿ ಸೇರಿದವರನ್ನು ಹಿಂದೆ ಕೆಲವರು ಕೈತಪ್ಪಿಹೋದವರೆಂದೇ ಎಣಿಸುತ್ತಿದ್ದರು. ಈ ಅನುದಾನ ಕೊಡುವ ಸಂಸ್ಥೆಯ ಸಲಹಾ ಸಮಿತಿಯೊಂದು 2012ರಲ್ಲಿ ಕೊಟ್ಟ ವರದಿಯ ತರುವಾಯ ಆ ದೃಷ್ಟಿ ಬಹಳಷ್ಟು ಸಡಿಲವಾಗಿದೆ. ಹೃದಯದ ಕವಾಟ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುವವನು ವಿದ್ಯೆಯನ್ನು ವ್ಯರ್ಥ ಮಾಡಿದನೆಂದು ಯಾರು ಹೇಳಬಲ್ಲರು?

ನೀತಿಶಿಕ್ಷಣದ ವಿಷಯದಲ್ಲಿ ಈ ಪದ್ಧತಿ ಮಾಡಿಕೊಂಡ ಏರ್ಪಾಡು ಇನ್ನೂ ಕುತೂಹಲಕರ. ಸಂಶೋಧನೆಯಲ್ಲಿ ನಡತೆ ಹೇಗಿರಬೇಕೆಂಬುದನ್ನು ಕನಿಷ್ಠ 8 ಗಂಟೆಗಳ ಕಾಲ, ಎದುರು ಕೂರಿಸಿಕೊಂಡು ಚರ್ಚಿಸಬೇಕು, ಹಿರಿಯ ಅಧ್ಯಾಪಕರೂ ಪಾಲುಗೊಳ್ಳಬೇಕು, ನಾಲ್ಕು ವರ್ಷಗಳಿಗೊಮ್ಮೆಯಾದರೂ ಅದನ್ನು ಮತ್ತೆ ನಡೆಸಬೇಕು ಎಂದು 2009ರ ಸೂಚನೆ ವಿಧಿಸಿತು. ಅಂಕಿಅಂಶಗಳನ್ನು ತಿದ್ದುವುದು, ಬೇರೆಯವರ ಬರಹವನ್ನು ತನ್ನದೆನ್ನುವುದು, ದುಡಿಯದವನ ಹೆಸರನ್ನು ಲೇಖನಕ್ಕೆ ಸೇರಿಸುವುದು ಎಲ್ಲವೂ ಪಾಠದೊಳಗೆ ಬರುತ್ತವೆ. ಆ ಸೂಚನೆಯ ಕ್ರಮದಲ್ಲಿ ಪರಿಶೀಲಕರು ಈ ಪಾಠಯೋಜನೆಗೆ ಅಂಕ ಕೊಡುತ್ತಿರಲಿಲ್ಲ. ಅರ್ಜಿಗೆ ಅಂಕ ಬಿದ್ದ ಮೇಲೆ ಇದನ್ನು ಬೇರೆಯಾಗಿ ನೋಡಿ ‘ಒಪ್ಪಿತ’ ಅಥವಾ ‘ಒಪ್ಪಿತವಲ್ಲ’ ಎಂದು ಷರಾ ಬರೆಯುತ್ತಿದ್ದರು. ಒಪ್ಪಿತವಲ್ಲದಿದ್ದರೆ, ಅದನ್ನು ಸರಿಪಡಿಸುವವರೆಗೆ ಎಷ್ಟೇ ಒಳ್ಳೆಯ ಅಂಕ ಬಂದಿದ್ದರೂ ಹಣವಿಲ್ಲ. ನಡತೆಯನ್ನು ಗುಣಗಳ ನಡುವೆ ಒಂದು ಗುಣವಾಗಿ ತೂಗದೆ ಹೊಸ್ತಿಲಾಗಿ ಇಟ್ಟದ್ದು ವಿವೇಕದ ಕೆಲಸ. ಆದರೆ 8 ಗಂಟೆ ಸಾಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಶಿಷ್ಯನು ಪಾಠದ ಕೋಣೆಗಿಂತ ಗುರುವಿನ ಪ್ರಯೋಗಶಾಲೆಯಲ್ಲಿ ಹೆಚ್ಚು ಕಲಿಯುತ್ತಾನೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ.

ಪ್ರಾಣಿಗಳ ಬಳಕೆಯೂ ಆ ಪಾಠಗಳಲ್ಲಿ ಒಂದು. ಬ್ಯಾಕನ್ ಅವರ ಪೆಟ್ಟಿಗೆಯನ್ನು ಕೂಡ ಮಗುವಿನ ಎದೆಗೆ ಜೋಡಿಸುವ ಮೊದಲು ನಾಯಿಯೊಂದರ ಮೇಲೆ ಪರೀಕ್ಷಿಸಲಾಗಿತ್ತು. ಅಹಿಂಸೆಯನ್ನು ಮನೆಯಲ್ಲಿ ಕಲಿತು ಹೋದ ವಿದ್ಯಾರ್ಥಿ ಮಾರ್ಗದರ್ಶಕರನ್ನು ಆರಿಸುವ ಮೊದಲೇ ಅಲ್ಲಿ ಏನು ನಡೆಯುತ್ತದೆಂದು ಕೇಳಿ ತಿಳಿಯುವುದು ಒಳಿತು. ಸೇರಿದ ಮೇಲೆ ಮನಸ್ಸು ಕಲಕಿಸಿಕೊಳ್ಳುವುದರಿಂದ ಗುರುವಿಗೂ ತೊಂದರೆ, ತನಗೂ ತೊಂದರೆ. ಇದೇ ಶಾಸ್ತ್ರದೊಳಗೆ ಬೇರೆ ದಾರಿಯೂ ತೆರೆದಿದೆ. ಮನುಷ್ಯನ ಶ್ವಾಸಕೋಶದ ಕೋಶಗಳನ್ನು ಪುಟ್ಟ ಚಿಪ್ಪಿನ ಮೇಲೆ ಬೆಳೆಸಿ, ಉಸಿರಾಟದಂತೆಯೇ ಹಿಗ್ಗಿಸಿ ಕುಗ್ಗಿಸುವ ಸಾಧನವನ್ನು ಹಾರ್ವರ್ಡಿನ ಡೊನಾಲ್ಡ್ ಇಂಗ್ಬರ್ ಅವರ ತಂಡ 2010ರಲ್ಲಿ ಪ್ರಕಟಿಸಿತು. ಹೊಸ ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ಅಮೆರಿಕದ ಕಾನೂನು 2022ರ ಡಿಸೆಂಬರಿನಲ್ಲಿ ತೆಗೆದುಹಾಕಿತು.

ಇಲ್ಲಿಂದ ಮಕ್ಕಳನ್ನು ಕಳಿಸುವ ತಂದೆತಾಯಿಗಳಿಗೆ ಒಂದು ಎಚ್ಚರಿಕೆ ಅಗತ್ಯ. ವಿಶ್ವವಿದ್ಯಾನಿಲಯದ ಪರಿಚಯ ಪತ್ರಿಕೆಯಲ್ಲಿ ‘ತರಬೇತಿ ಅನುದಾನ’ವೆಂಬ ಮಾತು ಕಂಡೊಡನೆ ಖರ್ಚಿನ ಭಾರ ಇಳಿಯಿತೆಂದು ಭಾವಿಸಬಾರದು. ಈ ಸ್ಥಾನಗಳು ಆ ದೇಶದ ಪ್ರಜೆಗಳಿಗೂ ಕಾಯಂ ನಿವಾಸದ ಪರವಾನಗಿ ಪಡೆದವರಿಗೂ ಮಾತ್ರ ಮೀಸಲು. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಮಾರ್ಗದರ್ಶಕರ ಸ್ವಂತ ಸಂಶೋಧನಾ ಹಣದಿಂದಲೋ ವಿಭಾಗದ ಬೋಧನಾ ಸಹಾಯಕ ಹುದ್ದೆಯಿಂದಲೋ ನೆರವು ಸಿಗಬೇಕು. ಅಲ್ಲಿಯೇ ನೆಲೆಸಿದ ಕುಟುಂಬಗಳ ಮಕ್ಕಳಿಗೆ ಬಾಗಿಲು ತೆರೆದಿದೆ, ಪಿಎಚ್‌.ಡಿ. ಮುಗಿಸಿದ ಮೇಲೆ ಸೇರುವವರು ಮಾತ್ರ ಮತ್ತೊಂದು ಕರಾರನ್ನು ಗಮನಿಸಬೇಕು. ಮೊದಲ ವರ್ಷದಲ್ಲಿ ಪಡೆದ ಪ್ರತಿ ತಿಂಗಳ ನೆರವಿಗೆ ಒಂದು ತಿಂಗಳ ಋಣ ಏರುತ್ತದೆ. ಎರಡನೆಯ ವರ್ಷವೂ ತರಬೇತಿಯಲ್ಲಿ ಮುಂದುವರಿದರೆ, ಇಲ್ಲವೆ ಸಂಶೋಧನೆಯಲ್ಲೋ ಬೋಧನೆಯಲ್ಲೋ ದುಡಿದರೆ ಅದು ತೀರುತ್ತದೆ. ಎರಡನ್ನೂ ಮಾಡದವನು ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಪಿಎಚ್‌.ಡಿ. ಹಂತದವರಿಗೆ ಈ ಋಣವನ್ನು 1993ರಲ್ಲಿ ಮನ್ನಾ ಮಾಡಲಾಯಿತು.

ಅರ್ಜಿ ಕಳಿಸುವ ದಿನ ಹತ್ತಿರವಾದಂತೆ ಈ ವಿಭಾಗಗಳ ಕಚೇರಿಗಳಲ್ಲಿ ನಡೆಯುವ ದೊಡ್ಡ ಕೆಲಸ ಹಳೆಯ ವಿದ್ಯಾರ್ಥಿಗಳನ್ನು ಹುಡುಕುವುದು. ವಿಳಾಸ ಬದಲಾಗಿರುತ್ತದೆ, ಮದುವೆಯಾಗಿ ಹೆಸರು ಬದಲಾಗಿರುತ್ತದೆ. ಅರ್ಧಕ್ಕೆ ಬಿಟ್ಟುಹೋದವನಿಗೆ ಹಳೆಯ ಗುರುಗಳ ಪತ್ರಕ್ಕೆ ಉತ್ತರ ಬರೆಯಲು ಸಂಕೋಚ. ಮತ್ತೊಮ್ಮೆ ಬರೆಯಬೇಕು, ದೂರವಾಣಿ ಮಾಡಬೇಕು, ಅವನ ಜೊತೆ ಓದಿದವರನ್ನು ಕೇಳಬೇಕು. ಅವನ ಸಾಲನ್ನು ಖಾಲಿ ಬಿಟ್ಟರೆ ಪರಿಶೀಲಕರು ಕೇಳುವುದು ಅವನನ್ನಲ್ಲ.