ನಾನು ಕಟ್ಟಿದ ವಿಮಾನ

ಮನುಷ್ಯನ ಹವ್ಯಾಸಗಳಿಗೆ ಲೆಕ್ಕವಿಲ್ಲ. ಕೆಲವರು ಅಂಚೆಚೀಟಿ ಕೂಡಿಹಾಕುತ್ತಾರೆ, ಕೆಲವರು ಪಾರಿವಾಳ ಸಾಕುತ್ತಾರೆ. ಮುಧೋಳದ ಕಡೆಯವರಾದರೆ ನಾಯಿ ಸಾಕುತ್ತಾರೆ. ಇವೆಲ್ಲಕ್ಕೂ ನಮ್ಮ ಜನ ಒಂದಿಲ್ಲೊಂದು ಉಪಯೋಗವನ್ನು ಹೇಳಬಲ್ಲರು. ಆದರೆ ಕಾಲೇಜಿಗೆ ಹೋಗುವ ಮಗನೊಬ್ಬನು ಪ್ಲಾಸ್ಟಿಕ್ಕಿನ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಎಂದೂ ಹಾರದ ವಿಮಾನವೊಂದನ್ನು ಕಟ್ಟುತ್ತ ಕುಳಿತರೆ ಅದರ ಉಪಯೋಗವೇನೆಂದು ಹೇಳಬೇಕು? ಬನಹಟ್ಟಿಯ ನಮ್ಮ ಓಣಿಯಲ್ಲಿ ಈ ಪ್ರಶ್ನೆ ಮೂರು ತಿಂಗಳು ನಡೆಯಿತು. ಅಲ್ಲಿ ನಾನು ಉತ್ತರ ಕೊಡಲಿಲ್ಲ. ಇಲ್ಲಿ, ಸಹಪಾಠಿಗಳ ಹಾಗೂ ಗುರುಗಳ ಮುಂದೆ, ಕೊಡಲು ಯತ್ನಿಸುತ್ತೇನೆ.

ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಸೋದರತ್ತೆಯ ಮಗ ಯುಗಾದಿಗೆ ಬಂದಾಗ ಒಂದು ಪೆಟ್ಟಿಗೆ ತಂದುಕೊಟ್ಟ. ಅದರೊಳಗೆ ಬೂದು ಬಣ್ಣದ ಚೌಕಟ್ಟುಗಳಿಗೆ ಅಂಟಿಕೊಂಡಿದ್ದ ನೂರಾರು ಸಣ್ಣ ತುಂಡುಗಳು, ಒಂದು ನಕ್ಷೆಯ ಪುಸ್ತಕ. ಮೇಲಿನ ಚಿತ್ರದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಬಿ-24 ಲಿಬರೇಟರ್ ಎಂಬ ಬಾಂಬರ್ ವಿಮಾನ. ನಿಜವಾದ ವಿಮಾನದ ರೆಕ್ಕೆಗಳ ಹರವು 110 ಅಡಿ. ನನ್ನ ಪೆಟ್ಟಿಗೆಯದು ಅದರ 72ನೆಯ ಒಂದು ಪಾಲು. ಎಂದರೆ ಒಂದೂವರೆ ಅಡಿಗಿಂತ ತುಸು ಹೆಚ್ಚು. ನಾಲ್ಕು ಇಂಜಿನ್ನುಗಳು, ಒಂದೊಂದಕ್ಕೆ 14 ಸಿಲಿಂಡರುಗಳು. ಈ ಐವತ್ತಾರನ್ನೂ ಕೂದಲೆಳೆಯ ಕುಂಚದಿಂದ ಬಣ್ಣ ಹಚ್ಚಿ ಬೇರೆ ಬೇರೆಯಾಗಿ ಕಾಣಿಸಬೇಕು. ಹವ್ಯಾಸವೆಂದರೆ ಅದೇ: ಯಾರೂ ನೋಡದ ಕಡೆಯಲ್ಲಿ ಅಚ್ಚುಕಟ್ಟಾಗಿರುವುದು.

ಪೆಟ್ಟಿಗೆಯನ್ನು ಕಂಡು ನಮ್ಮ ತಂದೆಯವರು ನಗಲಿಲ್ಲ, ಬೈಯಲೂ ಇಲ್ಲ. ಆ ದಿನಗಳಲ್ಲಿ ಅವರ ಮನಸ್ಸು ಬೇರೆ ಕಡೆಗಿತ್ತು. ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ನಾಲ್ಕು ಪಾವರ್ ಲೂಮುಗಳಿವೆ. ಅವುಗಳಲ್ಲಿ ಎರಡು ನಿಂತು ಎರಡು ವರ್ಷವಾಗಿತ್ತು. ಗುಜರಿಯ ವ್ಯಾಪಾರಿ ಬಂದು, ಕೈಯಿಂದ ಮಗ್ಗದ ಬೆನ್ನು ತಟ್ಟಿ, ಕಿಲೋ ಲೆಕ್ಕದಲ್ಲಿ ದರ ಹೇಳಿ ಹೋಗಿದ್ದ. ಸೀರೆ ನೇಯ್ದ ಯಂತ್ರವನ್ನು ಕಬ್ಬಿಣವೆಂದು ತೂಗಿ ಕೊಡುವುದೇ ಬೇಡವೇ ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು.

ಮಾದರಿ ಕಟ್ಟುವವನು ಮೊದಲು ಒಂದು ತೀರ್ಮಾನ ಮಾಡಬೇಕಾಗುತ್ತದೆ: ಕಟ್ಟುವುದು ಯಾರ ವಿಮಾನ, ಯಾವ ವರ್ಷದ್ದು? ಪೆಟ್ಟಿಗೆಯಲ್ಲಿ ಪರದೇಶದ ಗುರುತುಗಳಿದ್ದವು. ನಮ್ಮ ವಾಯುಪಡೆಯಲ್ಲಿ ಈ ವಿಮಾನವಿತ್ತೇ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಕಥೆ. ವಾಚಕರು ಅದನ್ನು ಕೇಳಲೇಬೇಕು.

ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದವು. ಅಷ್ಟು ಸಂಖ್ಯೆಯಲ್ಲಿ ತಯಾರಾದ ಬಾಂಬರ್ ಇನ್ನೊಂದಿಲ್ಲ. ಯುದ್ಧದಲ್ಲಿ ಬ್ರಿಟಿಷರು ಸಾಲವಾಗಿ ಪಡೆದ ಈ ವಿಮಾನಗಳನ್ನು ಯುದ್ಧ ಮುಗಿದ ಮೇಲೆ ಹಿಂದಕ್ಕೆ ಕೊಡಬೇಕು, ಇಲ್ಲವೇ ನಾಶಮಾಡಬೇಕು ಎಂಬ ಕರಾರಿತ್ತು. ಆದುದರಿಂದ ಕಾನಪುರದಲ್ಲಿ ಹತ್ತಾರು ವಿಮಾನಗಳನ್ನು ಬೇಕೆಂದೇ ಕೆಡಿಸಿದರು: ಉಪಕರಣಗಳನ್ನು ಒಡೆದರು, ಇಂಜಿನ್ನುಗಳಿಗೆ ಮರಳು ಸುರಿದರು, ಮೈಗೆ ತೂತು ಹೊಡೆದರು. ಇನ್ನು ಇವು ಮೇಲೇಳುವುದಿಲ್ಲವೆಂದು ಕೈತೊಳೆದುಕೊಂಡು ಹೋದರು.

ನಮ್ಮ ಜಮಖಂಡಿ ಸಂಸ್ಥಾನ ಭಾರತದಲ್ಲಿ ವಿಲೀನವಾದ 1948ನೆಯ ವರ್ಷದಲ್ಲಿಯೇ, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯವರು ಆ ಗುಜರಿಯ ರಾಶಿಯ ಮುಂದೆ ಬಂದು ನಿಂತರು. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ಕಾರಖಾನೆಯದು. ಅದರ ಕೆಲಸಗಾರರು ಒಂದು ವಿಮಾನದ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಒಂದೇ ಒಂದು ಸಲ ಹಾರಿದರೆ ಸಾಕೆನ್ನುವಷ್ಟು ರಿಪೇರಿ ಮಾಡಿದರು. ಜಮ್‌ಶೆಡ್ ಮುನ್ಷಿ ಎಂಬ ಪರೀಕ್ಷಾ ವಿಮಾನಚಾಲಕರು ಆ ತೇಪೆಯ ವಿಮಾನಗಳನ್ನು ಕಾನಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಲಾಯಿತು. ಹೀಗೆ ನಲವತ್ತರಷ್ಟು ಲಿಬರೇಟರುಗಳು ಜೀವ ಪಡೆದವು. 1948ರ ನವೆಂಬರಿನಲ್ಲಿ ನಮ್ಮ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಇವುಗಳಿಂದಲೇ ಹುಟ್ಟಿತು. ಇವು ಸೇವೆಯಿಂದ ನಿವೃತ್ತವಾದದ್ದು 1968ರಲ್ಲಿ. ಜಗತ್ತಿನ ಉಳಿದೆಡೆ ಬಹುತೇಕ ಲಿಬರೇಟರುಗಳನ್ನು ಕರಗಿಸಿಬಿಟ್ಟಿದ್ದರಿಂದ, ಇಂಗ್ಲೆಂಡ್, ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳು ಕಡೆಗೆ ಭಾರತದಿಂದಲೇ ಒಂದೊಂದನ್ನು ಒಯ್ದವು!

ಈ ಕಥೆಯನ್ನು ರಾತ್ರಿ ಊಟದ ಹೊತ್ತಿನಲ್ಲಿ ತಂದೆಯವರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಉಸುಕ ಹಾಕಿದ ಇಂಜನ್ನ ಹೆಂಗ ತೊಳದರಂತ?"

"ಅದು ಗೊತ್ತಿಲ್ಲಪಾ."

"ಅದನ್ನ ಬರದಿರಬೇಕಿತ್ತು ನೋಡ ತಮ್ಮಾ. ಹಾರಿಸಿದವನ ಹೆಸರ ಬರೀತಾರ, ತೊಳದವನ ಹೆಸರ ಬರ್ಯಾಂಗಿಲ್ಲ."

ಮರುದಿನದಿಂದ ಅವರು ನನ್ನ ಮೇಜಿನ ಬಳಿ ಬಂದು ನಿಲ್ಲತೊಡಗಿದರು.

ಲಿಬರೇಟರಿಗೆ ಮೂಗಿನ ಕೆಳಗೂ ಒಂದು ಗಾಲಿ ಇದೆ. ಮಾದರಿಯ ಮೂಗಿನೊಳಗೆ ಭಾರವಿಡದಿದ್ದರೆ ಅದು ಬಾಲದ ಮೇಲೆ ಕುಳಿತುಬಿಡುತ್ತದೆ. ತಂದೆಯವರು ಮಗ್ಗದ ಮೋಟಾರಿನ ಹಳೆಯ ಬೇರಿಂಗನ್ನು ಒಡೆದು ಉಕ್ಕಿನ ಗುಂಡುಗಳನ್ನು ತೆಗೆದುಕೊಟ್ಟರು. ಕಾಜಿನಂಥ ಕಿಟಕಿಗಳನ್ನು ಜೋರಾದ ಅಂಟಿನಿಂದ ಹಚ್ಚಿದರೆ ಅವು ಮಂಜು ಕವಿದಂತಾಗುತ್ತವೆ. ಬಡಗಿಯರ ಬಿಳಿ ಅಂಟೇ ವಾಸಿ. ಎರಡು ಹೋಳು ಕೂಡುವ ಸಂದಿಯಲ್ಲಿ ಲಾಂಬಿ ತುಂಬಿ, ಪಾಲೀಸ ಕಾಗದದಿಂದ ನೀರು ಹಚ್ಚಿ ಉಜ್ಜಬೇಕು. ಕಣ್ಣಿಗೆ ಕಾಣದ ಗೆರೆಯೂ ಉಗುರಿಗೆ ತಾಗುತ್ತದೆ. ಹಾಸಿನಲ್ಲಿ ಹರಿದ ಎಳೆಯನ್ನು ಕತ್ತಲಲ್ಲಿ ಮುಟ್ಟಿ ಹುಡುಕುವ ತಂದೆಯವರ ಬೆರಳು ನನ್ನ ಉಗುರಿಗಿಂತ ಚುರುಕಾಗಿತ್ತು.

ವಿಮಾನದ ಬೆನ್ನಿನಿಂದ ಬಾಲದ ಎರಡು ಕಿವಿಗಳಿಗೆ ರೇಡಿಯೋ ತಂತಿಗಳು ಹೋಗುತ್ತವೆ. ಹತ್ತಿಯ ನೂಲು ಹಚ್ಚಿದರೆ ಅದರ ಜುಂಗು ಹಗ್ಗದಂತೆ ಕಾಣುತ್ತದೆ. ತಂದೆಯವರು ಕಂಡಿಕೆಯಿಂದ ರೇಯಾನ್ ನೂಲೊಂದನ್ನು ಬಿಚ್ಚಿ, ಎಳೆಯೊಳಗಿನ ಎಳೆಗಳನ್ನು ಬಿಡಿಸಿ, ಅವುಗಳಲ್ಲಿ ಮೂರನ್ನು ಹೊಸೆದು ಎಳೆದು ಕಟ್ಟಿದರು. ಪುಣೆಯ ಅಂಗಡಿಯಲ್ಲಿ ಅಷ್ಟು ಛಂದದ ತಂತಿ ಸಿಕ್ಕಲಾರದು. ಮುಧೋಳದಲ್ಲಿ ಮೋಟಾರು ಗಾಡಿಗಳಿಗೆ ಬಣ್ಣ ಹೊಡೆಯುವ ಪರಿಚಯದವರು ಬೆಳ್ಳಿಯ ಬಣ್ಣ ಕೊಟ್ಟರು. ಆದರೆ ನಾನು ಮೈತುಂಬ ಒಂದೇ ಬೆಳ್ಳಿ ಬಳಿಯಲಿಲ್ಲ. ಬೇರೆ ಬೇರೆ ವಿಮಾನಗಳ ತಗಡು ಕೂಡಿಸಿ ಕಟ್ಟಿದ್ದು ಹೊಸ ಪಾತ್ರೆಯ ಹಾಗೆ ಹೊಳೆಯಬಾರದಲ್ಲ! ಒಂದು ತಗಡು ಮಬ್ಬು, ಒಂದು ಮಿರುಗು. ಅಲ್ಲಲ್ಲಿ ಗುಳಿಗೆಯ ಪಟ್ಟಿಯ ಬೇಗಡೆ ಕತ್ತರಿಸಿ ತೇಪೆ ಹಚ್ಚಿದೆ. ಬೀಳಗಿ ಕಡೆಯ ಗೆಳೆಯನೊಬ್ಬ ಆ ತೇಪೆಗಳನ್ನು ನೋಡಿ, "ನಮ್ಮ ಮನಿ ಹಂಗ ಐತಿ. ಊರು ಆಲಮಟ್ಟಿ ಹಿನ್ನೀರಾಗ ಹ್ವಾದ ಮ್ಯಾಲ ಬಾಗಿಲ, ತೊಲಿ ಹೊತ್ತಕೊಂಡ ಬಂದ ಹೊಸ ಮನಿಗೆ ಹಾಕೀವಿ" ಅಂದ. ನನಗೆ ಬೇರೆ ಪ್ರಶಸ್ತಿ ಬೇಕಾಗಲಿಲ್ಲ.

ಗುರುತಿನ ಪ್ರಶ್ನೆ ಉಳಿದಿತ್ತು. 1950ರಿಂದೀಚೆಗೆ ನಮ್ಮ ವಿಮಾನಗಳ ಮೇಲೆ ಕೇಸರಿ, ಬಿಳಿ, ಹಸಿರು ವರ್ತುಲಗಳಿವೆ. ಅದಕ್ಕೂ ಮೊದಲು ಸ್ವಲ್ಪ ಕಾಲ ನೀಲಿಯ ಅಶೋಕಚಕ್ರವಿತ್ತು. ನಾನು ಚಕ್ರವನ್ನೇ ಆರಿಸಿದೆ. ಅದನ್ನು ಕೈಯಿಂದ ಬರೆಯಲು ಎರಡು ರವಿವಾರ ಹಿಡಿದವು.

ಇಷ್ಟೆಲ್ಲ ಆದ ಮೇಲೆ, ಎಲ್ಲರಿಗಿಂತ ಕಡಿಮೆ ಮಾತಾಡುವ ನಮ್ಮ ಆಯಿ ಒಂದು ದಿನ ಕೇಳಿದಳು: "ಇದು ಏನ ಮಾಡತಿತ್ತೋ?"

"ಬಾಂಬ ಹಾಕತಿತ್ತು, ಆಯಿ."

"ಯಾರ ಮ್ಯಾಲ?"

ನಾನು ಸುಮ್ಮನಾದೆ. 1943ರ ಆಗಸ್ಟ್ 1ರಂದು ಇದೇ ಜಾತಿಯ ವಿಮಾನಗಳು ರುಮೇನಿಯದ ಪ್ಲೊಯೆಷ್ಟಿ ತೈಲಾಗಾರಗಳ ಮೇಲೆ ದಾಳಿಗೆ ಹೋದವು. ಐವತ್ತಕ್ಕೂ ಹೆಚ್ಚು ವಿಮಾನಗಳು ಹಾಳಾದವು, ಮುನ್ನೂರಕ್ಕೂ ಮಿಕ್ಕಿ ವೈಮಾನಿಕರು ಸತ್ತರು. ಕೆಳಗೆ ಸತ್ತವರು ಬೇರೆ. ನನ್ನ ಪೆಟ್ಟಿಗೆಯಲ್ಲಿ ಬಾಂಬುಗಳೂ ಇದ್ದವು. ಹೊಟ್ಟೆಯ ಬಾಗಿಲನ್ನು ತೆರೆದು ಅವುಗಳನ್ನು ತೋರಿಸಿದರೆ ಮಾದರಿ ಹೆಚ್ಚು ಶೋಭಿಸುತ್ತದೆಂದು ಬಲ್ಲವರು ಹೇಳುತ್ತಾರೆ. ಮುಧೋಳದ ರನ್ನ ಕವಿ ಗದಾಯುದ್ಧದ ಕಥೆಯನ್ನೇ ಕಾವ್ಯ ಮಾಡಿದ. ಆದರೆ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗಾಗಿ ನಮ್ಮ ಮನಸ್ಸು ಕರಗುವಂತೆ ಬರೆದ. ಆಯುಧವನ್ನು ಕೈಯಲ್ಲಿ ಹಿಡಿದು ನೋಡುವುದು ತಪ್ಪಲ್ಲ. ಅದು ಯಾರ ಮೇಲೆ ಎಂದು ಕೇಳುವವರು ಮನೆಯಲ್ಲಿ ಒಬ್ಬರಿರಬೇಕು. ನಾನು ಬಾಗಿಲನ್ನು ಮುಚ್ಚಿ ಅಂಟಿಸಿದೆ. ಬಾಂಬುಗಳು ಚೌಕಟ್ಟಿನಲ್ಲಿಯೇ ಉಳಿದವು.

ಉಪಯೋಗವೇನೆಂಬ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟೇ. ಒಂದು ವಸ್ತು ಗುಜರಿಯೋ ಅಲ್ಲವೋ ಎಂಬುದನ್ನು ಅದರ ತೂಕ ಹೇಳುವುದಿಲ್ಲ. ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಇದೆಯೋ ಇಲ್ಲವೋ ಎಂಬುದು ಹೇಳುತ್ತದೆ. ಕಾನಪುರದ ರಾಶಿ ವಿಮಾನವಾದದ್ದು ಬೆಂಗಳೂರಿನಲ್ಲಿ ಅಂಥ ಕೈಗಳಿದ್ದುದರಿಂದ. ಅಂಥ ಒಂದು ಜೊತೆ ಕೈ ನಮ್ಮ ಮನೆಯಲ್ಲಿಯೂ ಇವೆಯೆಂಬುದು, ಇಷ್ಟು ವರ್ಷ ಅದೇ ಕೈ ದುಡಿದ ಅನ್ನ ಉಂಡರೂ, ಒಂದೂವರೆ ಅಡಿಯ ಈ ಆಟಿಗೆಯನ್ನು ಕಟ್ಟುವಾಗಲೇ ನನ್ನ ಕಣ್ಣಿಗೆ ಬಿದ್ದಿತು.

ಕಳೆದ ತಿಂಗಳು ತಂದೆಯವರು ನಿಂತ ಎರಡು ಮಗ್ಗಗಳಲ್ಲಿ ಒಂದನ್ನು ಬಿಚ್ಚಿ, ಅದರ ಭಾಗಗಳಿಂದ ಇನ್ನೊಂದನ್ನು ನಡೆಸಿದರು. ಲಾಳಿ ಹೊಡೆಯುವ ಕೋಲನ್ನು ಕೂಡಿಸುವುದು ಹೇಗೆಂದು ನನಗೂ ತೋರಿಸಿದ್ದಾರೆ. ಬಿಚ್ಚಿದ ಮಗ್ಗದ ಉಳಿದ ಕಬ್ಬಿಣ ಪಡಸಾಲೆಯ ಮೂಲೆಯಲ್ಲಿದೆ. ವ್ಯಾಪಾರಿ ದಸರೆಯ ನಂತರ ಮತ್ತೆ ಬರುತ್ತೇನೆಂದು ಹೇಳಿ ಹೋಗಿದ್ದಾನೆ.